ಹಳೇ ಆಫೀಸ್ ಕಂಪ್ಯೂಟರ್ ಬೇಗ ಆನ್ ಆಗಬೇಕೇ? ಫಾರ್ವರ್ಡ್‌ಗಳಲ್ಲಿ ಬರುವ 'ಟ್ರಿಕ್'ಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು?

"ನಿಮ್ಮ ಹಳೇ ಕಂಪ್ಯೂಟರ್ ಎರಡೇ ನಿಮಿಷದಲ್ಲಿ ರಾಕೆಟ್ ಆಗುತ್ತೆ, ಈ ಫೋಲ್ಡರ್ ಡಿಲೀಟ್ ಮಾಡಿ", "ನೋಟ್‌ಪ್ಯಾಡ್‌ನಲ್ಲಿ ಈ ಒಂದು ಸಾಲು ಬರೆದು ಸೇವ್ ಮಾಡಿ, ರ‍್ಯಾಮ್ ಕ್ಲೀನ್ ಆಗುತ್ತೆ". ಇಂಥ ಸಂದೇಶಗಳೂ ಅರ್ಧ ನಿಮಿಷದ ವಿಡಿಯೊಗಳೂ ವಾಟ್ಸ್ಆಪ್ ಗುಂಪುಗಳಲ್ಲಿ ವರ್ಷಗಳಿಂದ ಸುತ್ತುತ್ತಲೇ ಇವೆ. ಆಫೀಸು, ಅಂಗಡಿ, ಸಹಕಾರ ಸಂಘ, ಶಾಲೆ ಎಲ್ಲೇ ಇರಲಿ, ಹತ್ತು ವರ್ಷ ಹಳೆಯದಾದ ಡೆಸ್ಕ್‌ಟಾಪ್ ಇದ್ದವರಿಗೆ ಇವು ಆಸೆ ಹುಟ್ಟಿಸುತ್ತವೆ. ಬೆಳಗ್ಗೆ ಬಟನ್ ಒತ್ತಿ ಚಹಾ ಕುಡಿದು ಬಂದರೂ ಪರದೆಯಲ್ಲಿ ಚಕ್ರ ಸುತ್ತುತ್ತಿದ್ದರೆ ಯಾರಿಗಾದರೂ ಬೇಸರವೇ.

ಈ ಟ್ರಿಕ್‌ಗಳಲ್ಲಿ ಕೆಲವು ನಿರುಪದ್ರವಿ, ಕೆಲವು ನಿರುಪಯೋಗಿ, ಕೆಲವು ಅಪಾಯಕಾರಿ. ಆಫೀಸಿನ ಕಂಪ್ಯೂಟರ್‌ನಲ್ಲಿ ಲೆಕ್ಕಪತ್ರ, ಪತ್ರವ್ಯವಹಾರ, ಸದಸ್ಯರ ಮಾಹಿತಿ ಎಲ್ಲವೂ ಇರುವುದರಿಂದ ಒಂದು ತಪ್ಪು ಕ್ಲಿಕ್‌ನ ಬೆಲೆ ದೊಡ್ಡದು. ಆದ್ದರಿಂದ ಪ್ರಯೋಗಕ್ಕೆ ಇಳಿಯುವ ಮೊದಲು ವಿಷಯ ತಿಳಿದುಕೊಳ್ಳೋಣ.

ಸಂಕ್ಷಿಪ್ತವಾಗಿ

- ಹಳೇ ಡೆಸ್ಕ್‌ಟಾಪ್ ನಿಧಾನವಾಗಿ ಆನ್ ಆಗಲು ಬಹುತೇಕ ಸಂದರ್ಭದಲ್ಲಿ ಕಾರಣ ತಿರುಗುವ ಹಾರ್ಡ್ ಡಿಸ್ಕ್. ಅದರ ಜಾಗಕ್ಕೆ ಎಸ್‌ಎಸ್‌ಡಿ ಹಾಕಿದರೆ ಸಿಗುವಷ್ಟು ವೇಗ ಬೇರೆ ಯಾವ ಟ್ರಿಕ್‌ನಿಂದಲೂ ಸಿಗದು.
- ಖರ್ಚಿಲ್ಲದೆ ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ: ಆನ್ ಆದ ಕೂಡಲೇ ತಾವಾಗಿಯೇ ಓಡುವ ಅನಗತ್ಯ ಪ್ರೋಗ್ರಾಂಗಳನ್ನು ನಿಲ್ಲಿಸುವುದು.
- ರಿಫ್ರೆಶ್ ಒತ್ತುವುದು, ಪ್ರಿಫೆಚ್ ಅಳಿಸುವುದು, ನೋಟ್‌ಪ್ಯಾಡ್ 'ರ‍್ಯಾಮ್ ಕ್ಲೀನರ್', ಪ್ರೊಸೆಸರ್ ಸಂಖ್ಯೆ ಬದಲಿಸುವುದು ಇವುಗಳಿಂದ ವೇಗ ಹೆಚ್ಚುವುದಿಲ್ಲ.
- ಏನೇ ಮಾಡುವ ಮೊದಲು ಮುಖ್ಯ ಕಡತಗಳ ಬ್ಯಾಕಪ್ ತೆಗೆದಿಡಿ.

ಬಟನ್ ಒತ್ತಿದ ಮೇಲೆ ಒಳಗೆ ಏನು ನಡೆಯುತ್ತದೆ?

ಕಂಪ್ಯೂಟರ್ ಆನ್ ಆಗುವುದರಲ್ಲಿ ಮೂರು ಹಂತಗಳಿವೆ. ಮೊದಲು ಮದರ್‌ಬೋರ್ಡ್‌ನಲ್ಲಿರುವ ಬಯಾಸ್ ಎಂಬ ಪುಟ್ಟ ತಂತ್ರಾಂಶ ಎಚ್ಚೆತ್ತು ರ‍್ಯಾಮ್, ಕೀಬೋರ್ಡ್, ಡಿಸ್ಕ್ ಎಲ್ಲ ಇವೆಯೇ ಎಂದು ನೋಡುತ್ತದೆ. ಆಮೇಲೆ ಡಿಸ್ಕ್‌ನಿಂದ ವಿಂಡೋಸ್ ಲೋಡ್ ಆಗುತ್ತದೆ. ಪಾಸ್‌ವರ್ಡ್ ಕೊಟ್ಟು ಒಳಹೋದ ಮೇಲೆ ಆಂಟಿವೈರಸ್, ಪ್ರಿಂಟರ್ ತಂತ್ರಾಂಶ, ಚಾಟ್ ಆಪ್, ಅಪ್‌ಡೇಟ್ ಹುಡುಕುವ ಪ್ರೋಗ್ರಾಂಗಳು ಒಂದರ ಹಿಂದೆ ಒಂದು ತೆರೆದುಕೊಳ್ಳುತ್ತವೆ.

ನಿಮ್ಮ ಕಂಪ್ಯೂಟರ್ ಯಾವ ಹಂತದಲ್ಲಿ ನಿಲ್ಲುತ್ತಿದೆ ಎಂದು ತಿಳಿಯಲು ಮೊಬೈಲ್‌ನ ಸ್ಟಾಪ್‌ವಾಚ್ ಸಾಕು. ಕಂಪನಿಯ ಲೋಗೊ ಅಥವಾ ಕಪ್ಪು ಪರದೆಯಲ್ಲೇ ನಿಮಿಷ ಕಳೆದರೆ ತೊಂದರೆ ಮೊದಲ ಹಂತದ್ದು. ವಿಂಡೋಸ್ ಚಿಹ್ನೆಯ ಕೆಳಗೆ ಚುಕ್ಕಿಗಳು ಸುತ್ತುತ್ತಲೇ ಇದ್ದರೆ ಎರಡನೆಯದು. ಡೆಸ್ಕ್‌ಟಾಪ್ ಕಾಣಿಸಿದರೂ ಕ್ಲಿಕ್ ಮಾಡಿದ್ದು ತೆರೆಯದಿದ್ದರೆ ಮೂರನೆಯದು. ಈ ಮೂರಕ್ಕೂ ಮದ್ದು ಬೇರೆ ಬೇರೆ. ಎಲ್ಲದಕ್ಕೂ ಒಂದೇ ಟ್ರಿಕ್ ಎನ್ನುವ ಸಂದೇಶಗಳನ್ನು ನಂಬಬಾರದು ಎನ್ನಲು ಇದೇ ಮೊದಲ ಕಾರಣ.

ಹಾರ್ಡ್ ಡಿಸ್ಕ್ ಏಕೆ ಅಷ್ಟು ನಿಧಾನ?

2012–2015ರ ಆಸುಪಾಸಿನಲ್ಲಿ ಕೊಂಡ ಒಂದು ಸಾಮಾನ್ಯ ಆಫೀಸ್ ಡೆಸ್ಕ್‌ಟಾಪ್ ತೆಗೆದುಕೊಳ್ಳಿ: ಮೂರನೇ ಅಥವಾ ನಾಲ್ಕನೇ ತಲೆಮಾರಿನ ಕೋರ್ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಟೈಪಿಂಗ್, ಲೆಕ್ಕ, ಬ್ರೌಸಿಂಗ್‌ಗೆ ಆ ಪ್ರೊಸೆಸರ್ ಇಂದಿಗೂ ಸಾಕು. ಎಲ್ಲರನ್ನೂ ಕಾಯಿಸುವುದು ಡಿಸ್ಕ್.

ಹಾರ್ಡ್ ಡಿಸ್ಕ್ ಒಳಗೆ ಲೋಹದ ಹೊಳಪಿನ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುತ್ತವೆ. ಒಂದು ಸುತ್ತಿಗೆ ಸುಮಾರು 8 ಮಿಲಿಸೆಕೆಂಡ್. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಮುಳ್ಳು ತಟ್ಟೆಯ ಒಂದು ಕಡೆಯಿಂದ ಇನ್ನೊಂದು ಕಡೆ ಸರಿಯಲೂ ಸಮಯ ಬೇಕು. ಎಲ್ಲ ಸೇರಿ ಒಂದು ಓದಿಗೆ 12 ಮಿಲಿಸೆಕೆಂಡ್‌ನಷ್ಟು ಹಿಡಿಯುತ್ತದೆ. ಅಂದರೆ ಬೇರೆ ಬೇರೆ ಜಾಗದಲ್ಲಿ ಚದುರಿದ ಚಿಕ್ಕ ತುಣುಕುಗಳನ್ನು ಅದು ಸೆಕೆಂಡಿಗೆ 80ರಿಂದ 100ರಷ್ಟು ಮಾತ್ರ ಓದಬಲ್ಲದು.

ಆನ್ ಆಗುವಾಗ ವಿಂಡೋಸ್‌ಗೆ ಬೇಕಾಗುವುದು ಇಂಥ ಸಾವಿರಾರು ಚಿಕ್ಕ ತುಣುಕುಗಳೇ. ಲೆಕ್ಕಕ್ಕೆ 10,000 ತುಣುಕು ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 80ರಂತೆ ಓದಿದರೆ 125 ಸೆಕೆಂಡ್, ಅಂದರೆ ಎರಡು ನಿಮಿಷಕ್ಕೂ ಹೆಚ್ಚು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಮಾಹಿತಿ ಚಿಪ್‌ಗಳಲ್ಲಿರುತ್ತದೆ. ಒಂದು ಓದಿಗೆ 0.1 ಮಿಲಿಸೆಕೆಂಡ್ ಎಂದರೂ ಅದೇ 10,000 ತುಣುಕಿಗೆ ಒಂದು ಸೆಕೆಂಡ್ ಸಾಕು. ನಿಜವಾದ ಕಂಪ್ಯೂಟರ್‌ನಲ್ಲಿ ಬೇರೆ ಕೆಲಸಗಳೂ ಇರುವುದರಿಂದ ಒಂದೇ ಸೆಕೆಂಡಿನಲ್ಲಿ ಆನ್ ಆಗುವುದಿಲ್ಲ. ಆದರೆ ನಿಮಿಷಗಳು ಸೆಕೆಂಡುಗಳಿಗೆ ಇಳಿಯುವುದು ಈ ಕಾರಣದಿಂದಲೇ.

ನಿಮ್ಮಲ್ಲೂ ಡಿಸ್ಕ್‌ನದೇ ತೊಂದರೆಯೇ ಎಂದು ನೋಡಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ 'ಪರ್ಫಾರ್ಮೆನ್ಸ್' ವಿಭಾಗಕ್ಕೆ ಹೋಗಿ ಡಿಸ್ಕ್ ಮೇಲೆ ಕ್ಲಿಕ್ ಮಾಡಿ. ಆನ್ ಆದ ಮೊದಲ ಕೆಲವು ನಿಮಿಷ ಡಿಸ್ಕ್ 100 ಪ್ರತಿಶತ ತೋರಿಸುತ್ತಿದ್ದು, ಪ್ರೊಸೆಸರ್ ಅಷ್ಟೇನೂ ಕೆಲಸ ಮಾಡುತ್ತಿಲ್ಲವಾದರೆ ಅನುಮಾನ ಖಚಿತ. ಇತ್ತೀಚಿನ ವಿಂಡೋಸ್‌ನಲ್ಲಿ ಡಿಸ್ಕ್ ಹೆಸರಿನ ಜೊತೆ ಅದು ಹಾರ್ಡ್ ಡಿಸ್ಕೋ ಎಸ್‌ಎಸ್‌ಡಿಯೋ ಎಂಬುದನ್ನೂ ಅಲ್ಲೇ ಬರೆದಿರುತ್ತದೆ.

ಫಾರ್ವರ್ಡ್‌ಗಳು ಹೇಳುವುದೇನು? ಒಂದೊಂದಾಗಿ ನೋಡೋಣ

1. "ಡೆಸ್ಕ್‌ಟಾಪ್ ಮೇಲೆ ಐದಾರು ಸಲ ರಿಫ್ರೆಶ್ ಮಾಡಿ" — ಸುಳ್ಳು

ಎಫ್5 ಒತ್ತಿದರೆ ಪರದೆಯ ಮೇಲಿನ ಐಕಾನ್‌ಗಳು ಮತ್ತೊಮ್ಮೆ ಮೂಡುತ್ತವೆ, ಅಷ್ಟೇ. ಹೊಸದಾಗಿ ಸೇರಿಸಿದ ಕಡತ ಕಾಣಿಸದಿದ್ದಾಗ ಇದು ಉಪಯೋಗಕ್ಕೆ ಬರುತ್ತದೆ. ರ‍್ಯಾಮ್ ಖಾಲಿಯಾಗುವುದಿಲ್ಲ, ಪ್ರೊಸೆಸರ್ ಚುರುಕಾಗುವುದಿಲ್ಲ. ಮೊದಲೇ ಏದುಸಿರು ಬಿಡುತ್ತಿರುವ ಕಂಪ್ಯೂಟರ್‌ಗೆ ಒಂದು ಸಣ್ಣ ಕೆಲಸ ಹೆಚ್ಚುವರಿಯಾಗಿ ಕೊಟ್ಟಂತೆ ಆಗುತ್ತದೆ.

2. "ಪ್ರಿಫೆಚ್ ಫೋಲ್ಡರ್ ಖಾಲಿ ಮಾಡಿ" — ಸುಳ್ಳು, ಪರಿಣಾಮ ಉಲ್ಟಾ

ಹಾರ್ಡ್ ಡಿಸ್ಕ್‌ನ ಮುಳ್ಳು ಅತ್ತಿತ್ತ ಓಡಾಡಿ ಸಮಯ ಹಾಳಾಗುವುದನ್ನು ತಗ್ಗಿಸಲೆಂದೇ ಮೈಕ್ರೋಸಾಫ್ಟ್ 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಪ್ರಿಫೆಚ್ ತಂದಿತು. ಆನ್ ಆಗುವಾಗ, ಪ್ರೋಗ್ರಾಂ ತೆರೆಯುವಾಗ ಯಾವ ಯಾವ ತುಣುಕು ಬೇಕಾದವು ಎಂದು ವಿಂಡೋಸ್ ಅಲ್ಲಿ ಗುರುತು ಹಾಕಿಕೊಂಡು, ಮುಂದಿನ ಸಲ ಅವನ್ನು ಅಚ್ಚುಕಟ್ಟಾಗಿ ಮೊದಲೇ ಓದಿಡುತ್ತದೆ. ಆ ಟಿಪ್ಪಣಿಯನ್ನೇ ಅಳಿಸಿದರೆ ವಿಂಡೋಸ್ ಮತ್ತೆ ಮೊದಲಿಂದ ಕಲಿಯಬೇಕು. ಅಲ್ಲಿಯವರೆಗೆ ಪ್ರೋಗ್ರಾಂಗಳು ಇನ್ನಷ್ಟು ನಿಧಾನವಾಗಿ ತೆರೆಯಬಹುದು. ಹಳೇ ಟಿಪ್ಪಣಿಗಳನ್ನು ವಿಂಡೋಸ್ ತಾನೇ ತೆಗೆದುಹಾಕುತ್ತದೆ, ನಾವು ಕೈಹಾಕಬೇಕಿಲ್ಲ.

3. "ಟೆಂಪ್ ಫೈಲ್ ಅಳಿಸಿದರೆ ವೇಗ ದುಪ್ಪಟ್ಟು" — ಭಾಗಶಃ ನಿಜ

ಟೆಂಪ್ ಫೋಲ್ಡರ್‌ನಲ್ಲಿರುವ ಹಳೇ ಕಡತಗಳು ಜಾಗ ತಿನ್ನುತ್ತವೆ. ಆನ್ ಆಗುವಾಗ ವಿಂಡೋಸ್ ಅವನ್ನೆಲ್ಲ ಓದುವುದಿಲ್ಲ. ಸಿ ಡ್ರೈವ್ ಪೂರ್ತಿ ತುಂಬಿ ಕೆಂಪು ಬಣ್ಣ ತೋರಿಸುತ್ತಿದ್ದರೆ ಮಾತ್ರ ಇದರಿಂದ ಅನುಕೂಲ, ಏಕೆಂದರೆ ಅಪ್‌ಡೇಟ್‌ಗೂ ರ‍್ಯಾಮ್ ಸಾಲದಾದಾಗಿನ ಬಳಕೆಗೂ ವಿಂಡೋಸ್‌ಗೆ ಖಾಲಿ ಜಾಗ ಬೇಕು. ಸೆಟ್ಟಿಂಗ್ಸ್‌ನ 'ಸ್ಟೋರೇಜ್' ವಿಭಾಗದಿಂದಲೇ ಇದನ್ನು ಸುರಕ್ಷಿತವಾಗಿ ಮಾಡಬಹುದು. ಆದರೆ ಅಲ್ಲಿ 'ಡೌನ್‌ಲೋಡ್ಸ್' ಎಂಬ ಆಯ್ಕೆಗೆ ಟಿಕ್ ಹಾಕುವ ಮೊದಲು ಎಚ್ಚರ: ಎಷ್ಟೋ ಆಫೀಸುಗಳಲ್ಲಿ ಮುಖ್ಯ ಕಡತಗಳು ಇರುವುದೇ ಆ ಫೋಲ್ಡರ್‌ನಲ್ಲಿ.

4. "ನೋಟ್‌ಪ್ಯಾಡ್‌ನಲ್ಲಿ ಈ ಸಾಲು ಬರೆದು ಸೇವ್ ಮಾಡಿ, ಡಬಲ್ ಕ್ಲಿಕ್ ಮಾಡಿದರೆ ರ‍್ಯಾಮ್ ಕ್ಲೀನ್" — ಸುಳ್ಳು, ಅಪಾಯವೂ ಇದೆ

ಹೆಚ್ಚಾಗಿ ಸುತ್ತುವ ಆವೃತ್ತಿಯಲ್ಲಿ ಒಂದು ಹೆಸರಿಗೆ ಒಂದು ದೊಡ್ಡ ಸಂಖ್ಯೆಯನ್ನು ಕೊಡುವ ಆದೇಶವಷ್ಟೇ ಇದೆ. ಕಂಪ್ಯೂಟರ್ ಆ ಸಂಖ್ಯೆಯನ್ನು ಕ್ಷಣಕಾಲ ನೆನಪಿಟ್ಟುಕೊಂಡು ಮರೆಯುತ್ತದೆ. ರ‍್ಯಾಮ್‌ನಲ್ಲಿ ಏನೂ ಬದಲಾಗುವುದಿಲ್ಲ. ಭಯಪಡಬೇಕಾದದ್ದು ಅಭ್ಯಾಸಕ್ಕೆ. ಅರ್ಥವಾಗದ ಸಾಲುಗಳನ್ನು ನಕಲು ಮಾಡಿ ಓಡಿಸುವುದು ರೂಢಿಯಾದರೆ, ನಾಳೆ ಅದೇ ರೂಪದಲ್ಲಿ ಕಡತ ಅಳಿಸುವ ಅಥವಾ ಪಾಸ್‌ವರ್ಡ್ ಕದಿಯುವ ಆದೇಶ ಬಂದರೂ ನಾವೇ ಕೈಯಾರೆ ಓಡಿಸಿಬಿಡುತ್ತೇವೆ.

5. "ಎಂಎಸ್‌ಕಾನ್ಫಿಗ್‌ನಲ್ಲಿ ಪ್ರೊಸೆಸರ್ ಸಂಖ್ಯೆ ಹೆಚ್ಚಿಸಿ" — ಸುಳ್ಳು

ವಿಂಡೋಸ್ ಯಾವಾಗಲೂ ಇರುವ ಎಲ್ಲ ಕೋರ್‌ಗಳನ್ನು ಬಳಸುತ್ತದೆ. ಈ ಆಯ್ಕೆ ಇರುವುದು ತಂತ್ರಜ್ಞರು ಪರೀಕ್ಷೆಗಾಗಿ ಕೋರ್‌ಗಳನ್ನು ಕಡಿಮೆ ಮಾಡಿ ನೋಡಲು. ಪಟ್ಟಿಯಲ್ಲಿ ತಪ್ಪು ಸಂಖ್ಯೆ ಆರಿಸಿದರೆ ಕಂಪ್ಯೂಟರ್ ಇನ್ನೂ ನಿಧಾನವಾಗುತ್ತದೆ. ಈಗಾಗಲೇ ಬದಲಿಸಿದ್ದರೆ ಆ ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ.

6. "ಪೆನ್ ಡ್ರೈವ್ ಹಾಕಿದರೆ ರ‍್ಯಾಮ್ ಹೆಚ್ಚಾಗುತ್ತದೆ" — ದಾರಿ ತಪ್ಪಿಸುವ ಮಾತು

ವಿಂಡೋಸ್ ವಿಸ್ತಾ ಕಾಲದಲ್ಲಿ ಬಂದ ರೆಡಿಬೂಸ್ಟ್ ಎಂಬ ಸೌಲಭ್ಯದ ಕಥೆ ಇದು. ನಿಧಾನದ ಡಿಸ್ಕ್‌ಗೆ ಸಹಾಯಕವಾಗಿ ಪೆನ್ ಡ್ರೈವ್‌ನಲ್ಲಿ ಕೆಲವು ಮಾಹಿತಿಯ ಪ್ರತಿ ಇಟ್ಟುಕೊಳ್ಳುವುದು ಅದರ ಕೆಲಸ. ಪೆನ್ ಡ್ರೈವ್ ರ‍್ಯಾಮ್ ಆಗುವುದಿಲ್ಲ. ಬದಲಿಗೆ, ಹಾಕಿಟ್ಟು ಮರೆತ ಪೆನ್ ಡ್ರೈವ್‌ನಲ್ಲಿ ವಿಂಡೋಸ್ ಇದೆಯೇ ಎಂದು ಬಯಾಸ್ ಹುಡುಕಹೊರಟು ಆನ್ ಆಗುವುದೇ ತಡವಾಗುವ ಸಾಧ್ಯತೆಯೂ ಇದೆ.

7. "ರಿಜಿಸ್ಟ್ರಿ ಕ್ಲೀನರ್ ಹಾಕಿಕೊಳ್ಳಿ" — ಬೇಡ

ರಿಜಿಸ್ಟ್ರಿ ಎಂದರೆ ವಿಂಡೋಸ್‌ನ ಎಲ್ಲ ಸೆಟ್ಟಿಂಗ್‌ಗಳ ದಾಖಲೆ ಪುಸ್ತಕ. ಅದರಲ್ಲಿ ಹಳೆಯ ಕೆಲವು ನಮೂದು ಉಳಿದಿದ್ದರೆ ವೇಗಕ್ಕೆ ಗಮನಕ್ಕೆ ಬರುವಷ್ಟು ಅಡ್ಡಿಯಿಲ್ಲ. ಬೇಕಾದ ನಮೂದು ಅಳಿದುಹೋದರೆ ಪ್ರೋಗ್ರಾಂ ಅಥವಾ ವಿಂಡೋಸ್ ಕೆಟ್ಟು ನಿಲ್ಲಬಹುದು. ಇಂಥ ಕ್ಲೀನರ್‌ಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದೆ.

8. "ಡಿಫ್ರ್ಯಾಗ್ ಮಾಡಿ" — ಡಿಸ್ಕ್ ಯಾವುದು ಎಂಬುದರ ಮೇಲೆ ಅವಲಂಬಿತ

ಚದುರಿದ ತುಣುಕುಗಳನ್ನು ಒಟ್ಟುಗೂಡಿಸುವುದರಿಂದ ಹಾರ್ಡ್ ಡಿಸ್ಕ್‌ಗೆ ಸ್ವಲ್ಪ ಲಾಭವಿದೆ. ವಿಂಡೋಸ್ ವಿಸ್ತಾದಿಂದ ಈಚೆಗೆ ಇದು ವಾರಕ್ಕೊಮ್ಮೆ ತಾನಾಗಿಯೇ ನಡೆಯುವಂತೆ ವ್ಯವಸ್ಥೆ ಇದೆ. ಎಸ್‌ಎಸ್‌ಡಿಗೆ ಹೊರಗಿನ ಡಿಫ್ರ್ಯಾಗ್ ತಂತ್ರಾಂಶ ಬಳಸಬೇಡಿ. ಅದರ ಆಯುಸ್ಸು ಸುಮ್ಮನೆ ಸವೆಯುತ್ತದೆ.

ಖರ್ಚಿಲ್ಲದೆ ಏನು ಮಾಡಬಹುದು?

ಟಾಸ್ಕ್ ಮ್ಯಾನೇಜರ್‌ನಲ್ಲಿಯೇ 'ಸ್ಟಾರ್ಟಪ್' ಎಂಬ ವಿಭಾಗವಿದೆ. ಆನ್ ಆದಾಗ ತಾನಾಗಿ ಓಡುವ ಪ್ರೋಗ್ರಾಂಗಳ ಪಟ್ಟಿ ಅಲ್ಲಿದ್ದು, ಪ್ರತಿಯೊಂದರ ಮುಂದೆ ಅದರ ಭಾರ ಎಷ್ಟು ಎಂಬುದನ್ನು ಹೈ, ಮೀಡಿಯಂ, ಲೋ ಎಂದು ವಿಂಡೋಸ್ ತಿಳಿಸುತ್ತದೆ. ಚಾಟ್ ಆಪ್, ಆಟ, ಸಂಗೀತದ ಆಪ್, ಎಂದೋ ಹಾಕಿಕೊಂಡ ವಿಡಿಯೊ ಮೀಟಿಂಗ್ ಆಪ್ ಇಂಥವನ್ನು ಆರಿಸಿ 'ಡಿಸೇಬಲ್' ಒತ್ತಿ. ಪ್ರೋಗ್ರಾಂ ಅಳಿದುಹೋಗುವುದಿಲ್ಲ, ಬೇಕೆಂದಾಗ ನೀವೇ ತೆರೆಯಬಹುದು. ವಿಂಡೋಸ್ ಸೆಕ್ಯುರಿಟಿ, ಆಂಟಿವೈರಸ್, ಡಿಜಿಟಲ್ ಸಹಿಯ ಟೋಕನ್‌ಗೆ ಸೇರಿದವನ್ನು ಮುಟ್ಟಬೇಡಿ. ಗೊತ್ತಿಲ್ಲದ ಹೆಸರಿದ್ದರೆ ಹಾಗೆಯೇ ಬಿಡಿ.

ಇದೇ ಪುಟದ ಮೇಲ್ಭಾಗದಲ್ಲಿ 'ಲಾಸ್ಟ್ ಬಯಾಸ್ ಟೈಮ್' ಎಂದು ಸೆಕೆಂಡಿನ ಲೆಕ್ಕ ಇರುತ್ತದೆ. ಮೊದಲ ಹಂತಕ್ಕೆ ಹಿಡಿದ ಸಮಯ ಅದು. ತುಂಬ ಹಳೇ ಮದರ್‌ಬೋರ್ಡ್ ಇದ್ದರೆ ಕಾಣದಿರಬಹುದು.

ಎರಡು ಆಂಟಿವೈರಸ್‌ಗಳು ಒಟ್ಟಿಗೆ ಓಡುತ್ತಿದ್ದರೆ ಒಂದನ್ನು ತೆಗೆಯಿರಿ. ಒಂದು ಕಡತವನ್ನು ಇಬ್ಬರು ಕಾವಲುಗಾರರು ತಪಾಸಣೆ ಮಾಡಿದಂತೆ ಆಗುತ್ತದೆ ಅದು. ವಿಂಡೋಸ್ 10 ಮತ್ತು 11ರ ಜೊತೆಗೇ ಡಿಫೆಂಡರ್ ಬರುತ್ತದೆ.

ವಾರಕ್ಕೊಮ್ಮೆ 'ರೀಸ್ಟಾರ್ಟ್' ಮಾಡಿ. ದಿನಾ ಶಟ್‌ಡೌನ್ ಮಾಡುತ್ತೇವಲ್ಲ ಎನ್ನಬಹುದು. ವಿಂಡೋಸ್ 8ರಿಂದ 'ಫಾಸ್ಟ್ ಸ್ಟಾರ್ಟಪ್' ಇರುವ ಕಂಪ್ಯೂಟರ್‌ಗಳಲ್ಲಿ ಶಟ್‌ಡೌನ್ ಮಾಡಿದಾಗ ವಿಂಡೋಸ್‌ನ ತಿರುಳು ಭಾಗ ಪೂರ್ತಿ ಮುಚ್ಚುವುದಿಲ್ಲ; ಇದ್ದ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಉಳಿಸಿ ಮರುದಿನ ಅಲ್ಲಿಂದಲೇ ಎಚ್ಚರಗೊಳ್ಳುತ್ತದೆ. ಎಲ್ಲವೂ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್‌ನಲ್ಲಿ.

ಇನ್ನೊಂದು ಚಿಕ್ಕ ಸಂಗತಿ. ಪ್ರತಿ ಸಲ ಆನ್ ಮಾಡಿದಾಗ 'ಎಫ್1 ಒತ್ತಿ' ಎಂದು ನಿಲ್ಲುತ್ತಿದೆಯೇ? ದಿನಾಂಕ, ಗಂಟೆ ಹಿಂದಕ್ಕೆ ಹೋಗಿ ವೆಬ್‌ಸೈಟ್‌ಗಳು ತೆರೆಯುತ್ತಿಲ್ಲವೇ? ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಸೆಲ್ ಮುಗಿದಿರುವ ಲಕ್ಷಣ ಅದು. ಸಾಮಾನ್ಯವಾಗಿ ಅದು ಸಿಆರ್2032 ಸೆಲ್, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ತೆಗೆದು ಸೆಲ್ ಬದಲಿಸಿ, ಬಯಾಸ್‌ನಲ್ಲಿ ದಿನಾಂಕ ಸರಿಪಡಿಸಿದರೆ ಮುಗಿಯಿತು.

ಹಣ ಹಾಕುವುದಾದರೆ ಮೊದಲು ಯಾವುದಕ್ಕೆ?

ಮೊದಲು ಎಸ್‌ಎಸ್‌ಡಿಗೆ. ಹಳೇ ಡೆಸ್ಕ್‌ಟಾಪ್‌ಗೆ ಬೇಕಾದದ್ದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ. ಹಾರ್ಡ್ ಡಿಸ್ಕ್‌ಗೆ ಇರುವ ಅದೇ ಕೇಬಲ್‌ಗಳೇ ಇದಕ್ಕೂ ಹೊಂದುತ್ತವೆ. "ನಿಮ್ಮ ಬೋರ್ಡ್ ಹಳೇದು, ಎಸ್‌ಎಸ್‌ಡಿ ಹಾಕಿದರೂ ಪ್ರಯೋಜನವಿಲ್ಲ" ಎನ್ನುವವರಿದ್ದಾರೆ. ಹಳೇ ಸಾಟಾ-2 ಪೋರ್ಟ್‌ನಲ್ಲಿ ವೇಗದ ಮಿತಿ ಸೆಕೆಂಡಿಗೆ 300 ಎಂಬಿ, ಹೊಸದಾದ ಸಾಟಾ-3ರಲ್ಲಿ ಸುಮಾರು 550 ಎಂಬಿ ಸಿಗುತ್ತದೆ ಎಂಬುದು ನಿಜ. ಆದರೆ ಆನ್ ಆಗುವಾಗ ಲೆಕ್ಕಕ್ಕೆ ಬರುವುದು ಚಿಕ್ಕ ತುಣುಕುಗಳನ್ನು ಎಷ್ಟು ಬೇಗ ಹುಡುಕುತ್ತದೆ ಎಂಬುದು. ಆ ಲಾಭ ಹಳೇ ಪೋರ್ಟ್‌ನಲ್ಲೂ ಸಿಗುತ್ತದೆ. ವಿಂಡೋಸ್ ಮತ್ತು ಪ್ರೋಗ್ರಾಂಗಳಿಗೆ 240 ಅಥವಾ 256 ಜಿಬಿ ಸಾಕು. ನಂಬಲಾಗದಷ್ಟು ಅಗ್ಗದ ಬೆಲೆಗೆ ದೊಡ್ಡ ಗಾತ್ರದ ಡಿಸ್ಕ್ ಎಂಬ ಜಾಹೀರಾತು ಕಂಡರೆ ದೂರವಿರಿ; ಹೊರಗೆ ಬರೆದಷ್ಟು ಜಾಗ ಒಳಗಿಲ್ಲದ ನಕಲಿಗಳಿವೆ. ಬಿಲ್ಲು, ವಾರಂಟಿ ಇರುವುದನ್ನೇ ಕೊಳ್ಳಿ.

ಆಮೇಲೆ ರ‍್ಯಾಮ್. 4 ಜಿಬಿಯಲ್ಲಿ ಅರ್ಧದಷ್ಟನ್ನು ವಿಂಡೋಸ್ ಒಂದೇ ಬಳಸಿಕೊಳ್ಳುತ್ತದೆ. ಬ್ರೌಸರ್‌ನಲ್ಲಿ ಏಳೆಂಟು ಟ್ಯಾಬ್ ತೆರೆದರೆ ಉಳಿದದ್ದೂ ಮುಗಿದು, ವಿಂಡೋಸ್ ಡಿಸ್ಕ್‌ನ ಒಂದು ಭಾಗವನ್ನೇ ರ‍್ಯಾಮ್‌ನಂತೆ ಬಳಸತೊಡಗುತ್ತದೆ. ಆಗ ಕಂಪ್ಯೂಟರ್ ಹೆಪ್ಪುಗಟ್ಟಿದಂತೆ ಆಗುತ್ತದೆ. 8 ಜಿಬಿ ಇದ್ದರೆ ಆಫೀಸ್ ಕೆಲಸ ಆರಾಮ. ಟಾಸ್ಕ್ ಮ್ಯಾನೇಜರ್‌ನ 'ಮೆಮೊರಿ' ಪುಟದಲ್ಲಿ ಎಷ್ಟು ಸ್ಲಾಟ್ ಖಾಲಿ ಇದೆ ಎಂಬುದೂ ಕಾಣುತ್ತದೆ. ಡಿಡಿಆರ್3 ಇರುವ ಬೋರ್ಡ್‌ಗೆ ಡಿಡಿಆರ್4 ಕೂರುವುದಿಲ್ಲ. ಆದ್ದರಿಂದ ಹಳೇ ರ‍್ಯಾಮ್‌ನ ಫೋಟೊ ತೆಗೆದುಕೊಂಡೇ ಅಂಗಡಿಗೆ ಹೋಗಿ. ನಿಮ್ಮದು 32 ಬಿಟ್ ವಿಂಡೋಸ್ ಆದರೆ 4 ಜಿಬಿಗಿಂತ ಹೆಚ್ಚು ಹಾಕಿದರೂ ಅದು ಬಳಸಲಾರದು. ಮೊದಲು 64 ಬಿಟ್ ಹಾಕಿಸಬೇಕು.

ಡಿಸ್ಕ್ ಬದಲಿಸುವ ಮೊದಲು ಈ ಪಟ್ಟಿ ನೋಡಿ

ಹಳೇ ಡಿಸ್ಕ್ ಇದ್ದಕ್ಕಿದ್ದಂತೆ ನಿಧಾನವಾಗಿದ್ದರೆ, ಟಕ್ ಟಕ್ ಸದ್ದು ಬರುತ್ತಿದ್ದರೆ ಅದು ಸಾಯುವ ಹಂತದಲ್ಲಿರಬಹುದು. ಆಗ ಡಿಫ್ರ್ಯಾಗ್, ಕ್ಲೀನಿಂಗ್ ಯಾವುದೂ ಬೇಡ. ಮೊದಲು ಮುಖ್ಯ ಕಡತಗಳನ್ನು ಬೇರೆಡೆಗೆ ನಕಲು ಮಾಡಿ.

ಇದ್ದ ವಿಂಡೋಸನ್ನು ಹಾಗೇ ಹೊಸ ಡಿಸ್ಕ್‌ಗೆ ನಕಲು ಮಾಡುವುದು ಒಂದು ದಾರಿ, ಹೊಸದಾಗಿ ಹಾಕುವುದು ಇನ್ನೊಂದು. ಹೊಸದಾಗಿ ಹಾಕಿದರೆ ವರ್ಷಗಳ ಕಸ ಹೋಗುತ್ತದೆ; ಆದರೆ ಇವನ್ನು ಮರೆಯಬಾರದು:

- ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್: ಮೂರೂ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಇರುತ್ತವೆ. ಸಿ ಡ್ರೈವ್ ಫಾರ್ಮ್ಯಾಟ್ ಮಾಡಿದರೆ ಅವೂ ಹೋಗುತ್ತವೆ.
- ಲೆಕ್ಕದ ತಂತ್ರಾಂಶ: ಟ್ಯಾಲಿಯಂಥ ತಂತ್ರಾಂಶ ಇದ್ದರೆ ಅದರ ಡೇಟಾ ಫೋಲ್ಡರ್ ಎಲ್ಲಿದೆ ಎಂದು ತಂತ್ರಾಂಶದೊಳಗೇ ನೋಡಿ, ಬ್ಯಾಕಪ್ ತೆಗೆದು, ಬೇರೆ ಕಂಪ್ಯೂಟರ್‌ನಲ್ಲಿ ಒಮ್ಮೆ ತೆರೆದು ಖಚಿತಪಡಿಸಿಕೊಳ್ಳಿ.
- ಕನ್ನಡ ಫಾಂಟ್‌ಗಳು: ನುಡಿ, ಬರಹದ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಕಡತ ಹಾಳಾಯಿತೆಂದು ಗಾಬರಿಯಾಗಿ ಅಳಿಸಬೇಡಿ. ಫಾಂಟ್ ಹಾಕಿದರೆ ಸರಿಯಾಗುತ್ತದೆ. ಯೂನಿಕೋಡ್‌ನಲ್ಲಿ ಬರೆದ ಕಡತಗಳಿಗೆ ಈ ತೊಂದರೆಯಿಲ್ಲ.
- ಡಿಜಿಟಲ್ ಸಹಿ: ಯುಎಸ್‌ಬಿ ಟೋಕನ್‌ನಲ್ಲಿರುವ ಸಹಿ ಟೋಕನ್‌ನಲ್ಲೇ ಉಳಿಯುತ್ತದೆ. ಹೊಸ ವಿಂಡೋಸ್‌ಗೆ ಅದರ ಡ್ರೈವರ್ ಹಾಕಿದರೆ ಸಾಕು. ಟೋಕನನ್ನು ಫಾರ್ಮ್ಯಾಟ್ ಮಾಡಲು ಯಾರಿಗೂ ಬಿಡಬೇಡಿ.
- ಪಾಸ್‌ವರ್ಡ್‌ಗಳು: ಬ್ರೌಸರ್‌ನಲ್ಲಿ ಉಳಿಸಿಟ್ಟವನ್ನು ಮೊದಲೇ ಬೇರೆಡೆ ಸುರಕ್ಷಿತವಾಗಿ ಇಟ್ಟುಕೊಳ್ಳಿ.

ಕೆಲಸ ಮುಗಿದ ಮೇಲೆ ಹಳೇ ಡಿಸ್ಕನ್ನು ಕೇಳಿ ವಾಪಸ್ ಪಡೆಯಿರಿ. ಡಿಲೀಟ್ ಮಾಡಿದ ಕಡತಗಳನ್ನು ಅದರಿಂದ ಮತ್ತೆ ತೆಗೆಯಲು ಸಾಧ್ಯ. ಕೆಲವು ತಿಂಗಳು ಜೋಪಾನವಾಗಿಟ್ಟು, ಎಲ್ಲ ಸರಿಯಿದೆ ಎಂದಾದ ಮೇಲೆ ಪೂರ್ತಿ ಅಳಿಸಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ವೇಗ ಬಂದರೆ ಎಲ್ಲ ಸರಿಯಾಯಿತೇ?

ಇಲ್ಲ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಕೊನೆಯಾಗಿದೆ. ಇದರರ್ಥ ಕಂಪ್ಯೂಟರ್ ಅಂದೇ ನಿಂತುಹೋಗುತ್ತದೆ ಎಂದಲ್ಲ. ಹೊಸ ಭದ್ರತಾ ಲೋಪ ಪತ್ತೆಯಾದರೆ ಉಚಿತ ತೇಪೆ ಸಿಗುವುದಿಲ್ಲ. ಸಂಸ್ಥೆಗಳು ಹಣ ಕೊಟ್ಟು ವಿಂಡೋಸ್ 10ಕ್ಕೆ ಗರಿಷ್ಠ 3 ವರ್ಷ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯಬಹುದು.

ವಿಂಡೋಸ್ 11ಕ್ಕೆ ಟಿಪಿಎಂ 2.0 ಮತ್ತು, ಇಂಟೆಲ್ ಆದರೆ, ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಅಂದರೆ 2015ರ ಡೆಸ್ಕ್‌ಟಾಪ್‌ಗೆ ಅಧಿಕೃತವಾಗಿ ಅದು ಸಿಗುವುದಿಲ್ಲ. ತಪಾಸಣೆ ತಪ್ಪಿಸಿ ಹಾಕುವ ದಾರಿಗಳು ವಿಡಿಯೊಗಳಲ್ಲಿ ಇವೆ. ಅಂಥ ಕಂಪ್ಯೂಟರ್‌ಗಳಿಗೆ ಅಪ್‌ಡೇಟ್ ಸಿಗುವ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಟೈಪಿಂಗ್, ಬ್ರೌಸಿಂಗ್ ಅಷ್ಟೇ ಸಾಕೆನ್ನುವವರಿಗೆ ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆ ಉತ್ತಮ ಆಯ್ಕೆ. ವಿಂಡೋಸ್‌ನಲ್ಲಷ್ಟೇ ಓಡುವ ಲೆಕ್ಕದ ತಂತ್ರಾಂಶ ಇದ್ದರೆ ಮೊದಲು ವಿಚಾರಿಸಿ. ಹಣ, ಬ್ಯಾಂಕ್ ವ್ಯವಹಾರ, ಜನರ ಖಾಸಗಿ ಮಾಹಿತಿ ಇರುವ ಕಂಪ್ಯೂಟರ್ ಆದರೆ ಅಪ್‌ಗ್ರೇಡ್‌ಗೆ ಹಣ ಹಾಕುವ ಮೊದಲು ಈ ಲೆಕ್ಕವನ್ನೂ ಹಾಕಿ.

"ನಾವೇ ಸರಿ ಮಾಡಿಕೊಡುತ್ತೇವೆ" ಎಂದು ಕರೆ ಬಂದರೆ?

"ನಿಮ್ಮ ಕಂಪ್ಯೂಟರ್ ನಿಧಾನವಾಗಿದೆ, ವೈರಸ್ ಇದೆ, ಈ ಸಂಖ್ಯೆಗೆ ಕರೆ ಮಾಡಿ" ಎಂದು ಪರದೆ ತುಂಬ ಸಂದೇಶ ಬಂದರೆ ಅದು ವಂಚನೆ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆ ಸಂದೇಶಗಳಲ್ಲಿ ಫೋನ್ ಸಂಖ್ಯೆ ಕೊಡುವುದಿಲ್ಲ, ತಾನಾಗಿ ಕರೆಯನ್ನೂ ಮಾಡುವುದಿಲ್ಲ. ಇಂಥವರು ಹೇಳಿದಂತೆ ದೂರದಿಂದ ಕಂಪ್ಯೂಟರ್ ನಿಯಂತ್ರಿಸುವ ಆಪ್ ಹಾಕಿಕೊಂಡರೆ ಬ್ಯಾಂಕ್ ಖಾತೆಯ ಬಾಗಿಲು ತೆರೆದಂತೆಯೇ. ಹಾಗೇನಾದರೂ ಆಗಿದ್ದರೆ ಕೂಡಲೇ ಇಂಟರ್ನೆಟ್ ಕೇಬಲ್ ಕಿತ್ತು, ಬ್ಯಾಂಕಿಗೆ ತಿಳಿಸಿ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡಮಾಡಿದಷ್ಟೂ ಹಣ ತಡೆಹಿಡಿಯುವುದು ಕಷ್ಟ.

ತೀರ್ಮಾನ

ಒಂದು ಫೋಲ್ಡರ್ ಅಳಿಸಿದರೆ ಅಥವಾ ಒಂದು ಸಾಲು ಬರೆದರೆ ಹಳೇ ಕಂಪ್ಯೂಟರ್ ಹೊಸದಾಗುತ್ತದೆ ಎಂಬ ಫಾರ್ವರ್ಡ್‌ಗಳು ಸುಳ್ಳು ಅಥವಾ ದಾರಿ ತಪ್ಪಿಸುವಂಥವು. ಸರಿಯಾದ ಕ್ರಮ ಇದು: ಮೊದಲು ಬ್ಯಾಕಪ್, ಆಮೇಲೆ ಸ್ಟಾರ್ಟಪ್ ಪಟ್ಟಿ ಕಡಿಮೆ ಮಾಡುವುದು, ಅದೂ ಸಾಲದಿದ್ದರೆ ಎಸ್‌ಎಸ್‌ಡಿ, ಆಮೇಲೆ ರ‍್ಯಾಮ್. ಮುಂದಿನ ಸಲ ಗುಂಪಿನಲ್ಲಿ 'ಎರಡು ನಿಮಿಷದ ಟ್ರಿಕ್' ಬಂದಾಗ, ಹಂಚುವ ಮೊದಲು ಒಂದು ಪ್ರಶ್ನೆ ಕೇಳಿ: ಇದನ್ನು ನೋಡಿ ಯಾರಾದರೂ ಆಫೀಸಿನ ಕಡತ ಕಳೆದುಕೊಂಡರೆ ಹೊಣೆ ಯಾರು?